ಮಗುಚಿ ಹಾಕಿದ ಹಾಸುಗಲ್ಲು

ವೆಯ್ಸೆಲ್ ಇಪ್ಪತ್ತೆರಡು ವರ್ಷ ಸುಲ್ತಾನರ ಜನಾನಾದೊಳಗೆ ಕಟ್ಟಿಗೆ ಹೊತ್ತ. ಆ ಇಪ್ಪತ್ತೆರಡು ವರ್ಷದಲ್ಲಿ ಅಲ್ಲಿ ಒಂದು ಮುಖ ನೋಡಲಿಲ್ಲ, ಒಂದು ಕಿಟಕಿ ನೋಡಲಿಲ್ಲ, ಇಸ್ತಾಂಬುಲಿನ ಜನ ನೋಡದೆಯೇ ಹೊಗಳುವ ನೀಲಿ ಹೂವಿನ ಗೋಡೆಗಳನ್ನೂ ನೋಡಲಿಲ್ಲ. ನೋಡಿದ್ದು ನೆಲ ಒಂದೇ. ಕಾಫಿ ಅಂಗಡಿಯಲ್ಲಿ ಕೆಲಸವಿಲ್ಲದ ಮಂದಿ ಅವನನ್ನು ಸುತ್ತುವರಿದು, "ಹೇಳಪ್ಪಾ, ಒಳಗಿನ ಸುಂದರಿಯರು ಹೇಗಿದಾರೆ?" ಎಂದು ಕಣ್ಣು ಹೊಡೆದು ಕೇಳುತ್ತಿದ್ದರು. ಅವನು ಲೋಟ ಕೆಳಗಿಟ್ಟು, "ಕಲ್ಲುಗಳು ಚೆನ್ನಾಗಿದಾವೆ," ಎನ್ನುತ್ತಿದ್ದ. ಅವರು ನಗುತ್ತಿದ್ದರು. ಅವನು ತಮಾಷೆ ಮಾಡಿರಲಿಲ್ಲ.

ಅವನ ಊರು ಕಸ್ತಮೋನು ಬೆಟ್ಟದ ಮೇಲೆ. ಅಪ್ಪ ಕಾಡಿನಲ್ಲಿ ಇದ್ದಿಲು ಸುಡುತ್ತಿದ್ದ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸೋದರಮಾವ ಅವನನ್ನು ಕರೆತಂದು ಅರಮನೆಯ ಕೊಡಲಿ ಪಡೆಗೆ ಸೇರಿಸಿದ. ದಂಡು ಹೊರಟರೆ ಮುಂದೆ ಹೋಗಿ ಮರ ಕಡಿದು ದಾರಿ ಮಾಡುವವರು ಇವರು. ದಂಡು ಇಲ್ಲದಾಗ ಅರಮನೆಯ ಒಲೆಗಳಿಗೆ ಕಟ್ಟಿಗೆ ಹೊರುವವರೂ ಇವರೇ. ಗಂಡಸಿನ ನೆರಳು ಬೀಳಬಾರದ ಜನಾನಾದ ಬಾಗಿಲು ಇವರಿಗೆ ಚಳಿಗಾಲದಲ್ಲಿ ಮಾತ್ರ ತಿಂಗಳಿಗೊಮ್ಮೆ, ತಿಂಗಳ ಮೊದಲ ದಿನ ತೆರೆಯುತ್ತಿತ್ತು. ಸುಲ್ತಾನರಾದರೇನು, ಅವರ ತಾಯಿಯಾದರೇನು, ಚಳಿಗೆ ದೊಡ್ಡವರು ಚಿಕ್ಕವರು ಗೊತ್ತಿಲ್ಲ.

ತೆರೆಯುತ್ತಿತ್ತು ಎಂದರೆ ಸುಮ್ಮನೆ ಅಲ್ಲ. ಒಳಗೆ ಹೋಗುವ ದಿನ ಹಾಕುವ ಅಂಗಿಗೆ ಕಿವಿಗಿಂತ ಮೇಲೆ ಬರುವ ದಪ್ಪ ಕೊರಳುಪಟ್ಟಿ. ಟೋಪಿಯಿಂದ ಎರಡು ಕೆನ್ನೆಯ ಮೇಲೂ ಜೋತುಬೀಳುವ ಉಣ್ಣೆಯ ಜಡೆ. ಎಡಕ್ಕೆ ತಿರುಗಿದರೆ ಜಡೆ, ಬಲಕ್ಕೆ ತಿರುಗಿದರೆ ಜಡೆ, ತಲೆ ಎತ್ತೋಣವೆಂದರೆ ಬೆನ್ನಿನ ಮೇಲೆ ಹೊರೆ. ಮುಂದೆ ಕಾಣುವುದು ಒಂದು ಮೊಳ ನೆಲ, ಅದರ ಮೇಲೆ ಮುಂದಿನವನ ಹಿಮ್ಮಡಿ. ಗಾಣದ ಎತ್ತಿಗೂ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ, ಆದರೆ ಎತ್ತಿಗೆ ಯಾರೂ ಜಡೆ ಹಾಕುವುದಿಲ್ಲ.

ಹೀಗೆ ಕುರುಡರಾಗಿ ಹೋಗುವವರಿಗೆ ದಾರಿ ಹೇಗೆ ತಿಳಿಯಬೇಕು? ಕಾಲಿನಿಂದ. ಏಳು ಜನರ ಸಾಲಿನ ಮುಂದಾಳು ಇದ್ರೀಸ್ ಎಂಬ ಮುದುಕ ವೆಯ್ಸೆಲ್‌ಗೆ ಮೊದಲ ವರ್ಷವೇ ಪಾಠ ಹೇಳಿದ್ದ.

"ಕೇಳ್ಕೊ ಹುಡುಗಾ. ಬಂಡಿ ಬಾಗಿಲು ದಾಟಿದ ಮೇಲೆ ಬೆಣಚುಕಲ್ಲಿನ ನೆಲ. ಅದು ಜನಾನಾ ಕಾಯೋ ಖೋಜಾಗಳ ಅಂಗಳ. ಕಾಲಿಗೆ ಚುಚ್ಚುತ್ತೆ, ಅವರ ನಾಲಿಗೆ ಇದ್ದ ಹಾಗೆ. ಆಮೇಲೆ ಕಬ್ಬಿಣದ ಬಾಗಿಲು, ಎತ್ತರದ ಹೊಸ್ತಿಲು. ಅಲ್ಲಿಂದ ಉದ್ದ ಓಣಿ. ಎಡಗಡೆ ಗೋಡೆಗೆ ಊಟದ ಹರಿವಾಣ ಇಡೋ ಅಮೃತಶಿಲೆ ಕಟ್ಟೆ. ಅಲ್ಲಿ ಸಾರಿನ ಜಿಡ್ಡಿರುತ್ತೆ, ಜಾರುತ್ತೆ, ಹುಷಾರು. ಓಣಿ ಮುಗಿದ ಮೇಲೆ ದೊಡ್ಡ ಹಾಸುಗಲ್ಲು. ನಡೀತಾ ನಡೀತಾ ಒಂದು ಕಲ್ಲು ಸಿಗುತ್ತೆ, ಬಟ್ಟಲ ಹಾಗೆ ಸವೆದಿದೆ, ಪಾದ ಒಳಗೆ ಕೂತ್ಕೊಳ್ಳುತ್ತೆ. ಅಲ್ಲಿ ಎಡಕ್ಕೆ ತಿರುಗು. ಎದುರಿಗೇ ಸೌದೆ ಮನೆ."

"ಯಾಕಣ್ಣಾ ಅದೊಂದೇ ಕಲ್ಲು ಸವೆದಿದೆ?"

"ನಮ್ಮಪ್ಪಂದಿರೆಲ್ಲ ಅಲ್ಲೇ ಹೊರೆ ಹೊತ್ಕೊಂಡು ತಿರುಗಿದಾರೆ ಕಣೋ. ಅದು ನಮ್ಮದೇ ಪಾದ."

ವೆಯ್ಸೆಲ್ ಕಲಿತ. ಇದ್ರೀಸ್ ಹೇಳದ್ದನ್ನೂ ಕಲಿತ. ಯಾವ ಗೋಡೆಯ ಹಿಂದೆ ಸ್ನಾನದ ಮನೆಯ ಬಿಸಿನೀರು ಹರಿಯುತ್ತದೆ ಎಂದು ಅಂಗಾಲಿನ ಬಿಸಿಯಿಂದ ತಿಳಿದ. ಯಾವ ಕೋಣೆಯಲ್ಲಿ ಗುಟ್ಟಿನ ಮಾತು ನಡೆಯುತ್ತಿದೆ ಎಂದು ಹರಿಯುವ ನಲ್ಲಿಯ ಸದ್ದಿನಿಂದ ತಿಳಿದ. ಮಾತು ಹೊರಗೆ ಹೋಗದಿರಲೆಂದು ಅಲ್ಲಿ ನಲ್ಲಿ ಬಿಟ್ಟುಕೊಂಡೇ ಮಾತಾಡುತ್ತಿದ್ದರು. ಇದನ್ನೆಲ್ಲ ಯಾರಿಗೂ ಹೇಳಲಿಲ್ಲ. ಅವನ ಪಾಲಿಗೆ ಇದು ಗುಟ್ಟಾಗಿರಲಿಲ್ಲ, ಬರೀ ದಾರಿ.

ಅವನ ನಲವತ್ತೊಂದನೆಯ ವಯಸ್ಸಿನಲ್ಲಿ ಇದ್ರೀಸನ ಮಂಡಿ ಸೋತಿತು. ಮುಂದಾಳಿನ ಜಾಗ ವೆಯ್ಸೆಲ್‌ಗೆ ಎಂದು ಪಡೆಯ ಹಿರಿಯರು ಹೇಳಿದರು. ಆದರೆ ಪದ್ಧತಿಯಂತೆ ಚಳಿಗಾಲದ ಮೊದಲ ಕಟ್ಟಿಗೆಯ ದಿನ ಅವನೇ ಸಾಲು ನಡೆಸಿ, ಏನೂ ಎಡವಟ್ಟಿಲ್ಲದೆ ವಾಪಸು ಬರಬೇಕು. ಬಂದರೆ ಮುಂದಾಳು. ಬೇರೆ ಕೋಣೆ, ಎರಡು ಜೊತೆ ಬಟ್ಟೆ. ವೆಯ್ಸೆಲ್‌ಗೆ ಕೋಣೆಯ ಆಸೆ ಇರಲಿಲ್ಲ, ಬಟ್ಟೆಯ ಆಸೆಯೂ ಅಷ್ಟಕ್ಕಷ್ಟೆ. ಇಪ್ಪತ್ತೆರಡು ವರ್ಷ ಇನ್ನೊಬ್ಬನ ಹಿಮ್ಮಡಿ ನೋಡಿ ನೋಡಿ ಅವನಿಗೆ ಸಾಕಾಗಿತ್ತು. ಸಾಲಿನ ಮೊದಲಿಗನ ಮುಂದೆ ಹಿಮ್ಮಡಿ ಇರುವುದಿಲ್ಲ. ಅಷ್ಟೇ ಬೇಕಿತ್ತು ಅವನಿಗೆ, ಬಹಳ ಬೇಕಿತ್ತು.

ಆ ಬೇಸಿಗೆಯಲ್ಲಿ ಜನಾನಾದ ಹೆಂಗಸರೆಲ್ಲ ಕಡಲ ದಂಡೆಯ ಮನೆಗೆ ಹೋಗಿದ್ದಾಗ ಕಲ್ಲುಕುಟಿಗರು ಬಂದು ನೆಲ ರಿಪೇರಿ ಮಾಡಿದ್ದರು. ಸವೆದ ಹಾಸುಗಲ್ಲಿಗೆ ಅವರದು ಹಳೆಯ ಉಪಾಯ. ಹೊಸ ಕಲ್ಲು ತರುವುದಿಲ್ಲ, ಇದ್ದ ಕಲ್ಲನ್ನೇ ಎಬ್ಬಿಸಿ ಮಗುಚಿ ಹಾಕುತ್ತಾರೆ. ಕೆಳಗಿನ ಮುಖ ಹೊಸದರ ಹಾಗೆ ನುಣುಪಾಗಿರುತ್ತದೆ. ನೆಲ ಚೊಕ್ಕವಾಯಿತೆಂದು ಎಲ್ಲರಿಗೂ ಸಂತೋಷ. ಕಟ್ಟಿಗೆಯವರಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಎತ್ತಿಗೆ ಯಾರಾದರೂ ಗಾಣ ರಿಪೇರಿಯಾದದ್ದನ್ನು ಹೇಳುತ್ತಾರೆಯೇ?

ಮೊದಲ ದಿನ ಬಂತು. ಖೋಜಾಗಳು "ದಾರಿ ಬಿಡಿ! ಮರೆಯಾಗಿ!" ಎಂದು ಕೂಗುತ್ತ ಮುಂದೆ ಓಡಿದರು. ಒಳಗೆ ಬಾಗಿಲುಗಳು ಪಟಪಟ ಮುಚ್ಚಿಕೊಂಡವು. ವೆಯ್ಸೆಲ್ ಹೊಸ್ತಿಲು ದಾಟಿದ. ಮುಂದೆ ಹಿಮ್ಮಡಿ ಇಲ್ಲದ ನೆಲ ಅಗಲವಾಗಿ ಕಂಡಿತು. ಹಿಂದೆ ಆರು ಜನ, ಒಬ್ಬೊಬ್ಬರ ಬೆನ್ನ ಮೇಲೂ ಓಕ್ ಮರದ ಹೊರೆ, ಒಬ್ಬೊಬ್ಬರ ಕಣ್ಣೂ ಮುಂದಿನವನ ಹಿಮ್ಮಡಿಯ ಮೇಲೆ. ಕಟ್ಟೆಯ ಹತ್ತಿರ ಜಿಡ್ಡು ಇತ್ತು, ಸರಿ. ಓಣಿ ಮುಗಿಯಿತು, ಸರಿ. ಹಾಸುಗಲ್ಲು ಶುರುವಾಯಿತು. ಬಟ್ಟಲ ಕಲ್ಲು ಬರಲಿಲ್ಲ.

ಇನ್ನೂ ಮುಂದಿರಬೇಕು ಎಂದುಕೊಂಡ. ಮೊದಲ ಬಾರಿ ಮುಂದೆ ನಡೆಯುವವನಿಗೆ ದೂರ ಹೆಚ್ಚಾಗಿ ಕಾಣುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ತಿರುವಿನಲ್ಲಿ ನಿಂತು ಕೋಲಿನಿಂದ ಗೋಡೆ ತಟ್ಟಬೇಕಾಗಿದ್ದ ಯಾಕೂತ್ ಆಗಾ ಎಂಬ ಖೋಜಾ ಆ ಹೊತ್ತಿಗೆ ನಶ್ಯ ಹಾಕಿಕೊಳ್ಳಲು ಪಕ್ಕಕ್ಕೆ ಸರಿದಿದ್ದ. ವೆಯ್ಸೆಲ್ ಇನ್ನೂ ಹದಿನೈದು ಹೆಜ್ಜೆ ಹಾಕಿದ. ಆಗ ಪಾದ ಒಂದು ತಗ್ಗಿನಲ್ಲಿ ಕೂತಿತು. ಅದು ನಲ್ಲಿಯ ಮುಂದೆ ಕೊಡ ಇಟ್ಟು ಇಟ್ಟು ಸವೆದ ಬೇರೆ ತಗ್ಗು. ಅದು ಅವನಿಗೆ ಹೇಗೆ ಗೊತ್ತಾಗಬೇಕು? ಎದೆ ಹಗುರವಾಗಿ ಎಡಕ್ಕೆ ತಿರುಗಿದ. ಹಿಂದೆ ಆರು ಜನರೂ ತಿರುಗಿದರು.

ಕಾಲಿಗೆ ಕಂಬಳಿ ತಗುಲಿತು.

ಸೌದೆ ಮನೆಯಲ್ಲಿ ಕಂಬಳಿ ಎಲ್ಲಿಂದ ಬರಬೇಕು! ವೆಯ್ಸೆಲ್ ಗಕ್ಕನೆ ನಿಂತ. ಹಿಂದಿನವನು ಬಂದು ಅವನ ಹೊರೆಗೆ ಹಣೆ ಬಡಿದುಕೊಂಡ. ಅವನ ಹಿಂದಿನವನು ಅವನಿಗೆ. ಏಳು ಜನರೂ ಒಬ್ಬರ ಹಿಂದೊಬ್ಬರು ಕೋಣೆಯೊಳಗೆ ತುಂಬಿಕೊಂಡರು.

"ಯಾಕಣ್ಣಾ ನಿಂತೆ?" ಎಂದು ಎರಡನೆಯವನಾದ ಮುಸ್ಲು ಪಿಸುಗುಟ್ಟಿದ. "ಬೆನ್ನು ಮುರೀತಿದೆ."

"ಬಾಯಿ ಮುಚ್ಚೋ."

"ನೆಲ ಮೆತ್ತಗಿದೆಯಲ್ಲಣ್ಣಾ?"

ಆಗ ಮೂಲೆಯಿಂದ ಹೆಂಗಸಿನ ದನಿ ಬಂತು. ಮುದಿ ದನಿ, ಗೊರಗೊರ.

"ಅಲ್ಲಾ! ಮೂರು ಚಳಿಗಾಲದಿಂದ ಒಂದು ಸೌದೆ ಕೊಡಿಸಪ್ಪಾ ಅಂತ ಬೇಡ್ಕೊಂಡೆ. ಕಾಡನ್ನೇ ಕಳಿಸಿಬಿಟ್ಯಾ?"

ಒಳಗೆ ಮಾತಾಡಿದರೆ ಅಂಗಾಲಿಗೆ ಬೆತ್ತ. ಕೋಣೆಯೊಳಗೆ ಹೊಕ್ಕರೆ ಏನು ಎಂದು ಯಾರೂ ಹೇಳಿರಲಿಲ್ಲ, ಯಾಕೆಂದರೆ ಯಾರೂ ಹೊಕ್ಕಿರಲಿಲ್ಲ.

ಆ ಹೆಂಗಸು ರೆಫ್ತಾರ್. ಜನಾನಾದಲ್ಲಿ ನಲವತ್ತು ವರ್ಷ ದುಡಿದ ಹಿರಿಯ ಊಳಿಗದವಳು, ಅಲ್ಲಿಯವರ ಬಾಯಲ್ಲಿ ಕಾಲ್ಫಾ. ಹಳೆಯ ಸುಲ್ತಾನರ ತಾಯಿಯ ಬಟ್ಟೆ ಒಗೆಸುವ ಅಧಿಕಾರ ಅವಳದಾಗಿತ್ತು. ಆ ತಾಯಿ ತೀರಿಹೋದ ಮೇಲೆ ಅವಳನ್ನು ಈ ಹಿಂದಿನ ಸಾಲಿನ ಕೋಣೆಗೆ ಹಾಕಿ, ಸೌದೆಯ ಪಟ್ಟಿಯಲ್ಲಿ ಹೆಸರು ಬರೆಯುವುದನ್ನು ಮರೆತಿದ್ದರು. ಮರೆತರೋ, ಬಿಟ್ಟರೋ. ಬಾಗಿಲು ಮುಚ್ಚಿಸಲೂ ಅಲ್ಲಿಗೆ ಯಾರೂ ಹೋಗಿರಲಿಲ್ಲ.

"ಏನಯ್ಯಾ, ಬಾಯಲ್ಲೂ ಕಟ್ಟಿಗೆ ತುಂಬ್ಕೊಂಡಿದೀಯಾ?" ಎಂದಳು. "ತಲೆ ಎತ್ತು ನೋಡೋಣ. ಮೀಸೆ ಇರೋ ಮುಖ ನೋಡಿ ನಲವತ್ತು ವರ್ಷ ಆಯ್ತು."

ವೆಯ್ಸೆಲ್ ತಲೆ ಎತ್ತಲಿಲ್ಲ.

"ಎತ್ತೋ ಕತ್ತೆ! ನಾನೇನು ನಿನ್ನ ತಿಂತೀನಾ? ಹಲ್ಲೂ ಇಲ್ಲ ನನಗೆ."

ಹಿಂದೆ ಮುಸ್ಲು ನಗು ತಡೆಯಲಾರದೆ ಕೆಮ್ಮಿದ. ವೆಯ್ಸೆಲ್ ತಿರುಗಲು ನೋಡಿದ. ಹೊರೆ ಹೊತ್ತ ಏಳು ಜನ ಆ ಸಣ್ಣ ಕೋಣೆಯಲ್ಲಿ ತಿರುಗುವುದುಂಟೇ? ಒಬ್ಬನ ಕಟ್ಟಿಗೆ ಗೋಡೆಗೆ, ಇನ್ನೊಬ್ಬನದು ಬಾಗಿಲಿಗೆ. ಯಾವುದೋ ಗಾಜಿನದು ಬಿದ್ದು ಒಡೆಯಿತು.

"ಇಳಿಸ್ರೋ, ಇಳಿಸ್ರೋ!" ಎಂದು ಮುದುಕಿ ಕೂಗಿದಳು. "ಇರೋದೊಂದು ಶರಬತ್ತಿನ ಬಟ್ಟಲು, ಅದನ್ನೂ ಒಡೆದ್ರಿ! ಹೊರೆ ಇಳಿಸಿ ಹಾಳಾಗಿ ಹೋಗಿ!"

ಬೇರೆ ದಾರಿ ಇರಲಿಲ್ಲ. ಏಳು ಹೊರೆಗಳನ್ನೂ ಅಲ್ಲೇ ಇಳಿಸಿ ಅವರು ನೆಲ ನೋಡುತ್ತಲೇ ಹಿಂದು ಹಿಂದಕ್ಕೆ ನಡೆದು ಹೊರಗೆ ಬಂದರು. ಹೊರಗೆ ಯಾಕೂತ್ ಆಗಾ ನಿಂತಿದ್ದ. ಮೂಗಿನ ತುದಿಯಲ್ಲಿ ನಶ್ಯ ಇನ್ನೂ ಇತ್ತು.

ವಿಚಾರಣೆ ಖೋಜಾಗಳ ಅಂಗಳದಲ್ಲಿ ನಡೆಯಿತು. ಖೋಜಾಗಳಿಗೆಲ್ಲ ಹಿರಿಯನಾದ ದೊಡ್ಡ ಆಗಾ ದಿಂಬಿಗೆ ಒರಗಿ ಕೂತಿದ್ದ. ಗೋಡೆಯ ಮೇಲೆ ಅಂಗಾಲು ಬಡಿಯುವ ಮರ ತೂಗುಹಾಕಿತ್ತು. ಏಳು ಜನ ಬೆಣಚುಕಲ್ಲಿನ ಮೇಲೆ ಮಂಡಿಯೂರಿದ್ದರು. ಎದುರಿನ ಬಾಗಿಲಿನ ಪರದೆಯ ಹಿಂದೆ ರೆಫ್ತಾರ್ ಕಾಲ್ಫಾಳನ್ನು ಕೂರಿಸಿದ್ದರು.

ಯಾಕೂತ್ ಮೊದಲು ಮಾತಾಡಿದ. ಮೊದಲು ಮಾತಾಡುವವನ ತಪ್ಪು ಕಡಿಮೆ ಕಾಣುತ್ತದೆಂದು ಅವನಿಗೆ ಗೊತ್ತಿತ್ತು.

"ಬೇಕಂತಲೇ ಹೋಗಿದಾನೆ ಒಡೆಯಾ. ಇಪ್ಪತ್ತೆರಡು ವರ್ಷದ ದಾರಿ ಯಾರಾದ್ರೂ ಮರೀತಾರಾ? ಮುಂದಾಳು ಆಗ್ತೀನಿ ಅಂತ ಕೊಬ್ಬು."

"ನೀನೆಲ್ಲಿದ್ದೆ?" ಎಂದ ದೊಡ್ಡ ಆಗಾ.

"ಅಲ್ಲೇ ಇದ್ದೆ ಒಡೆಯಾ."

ದೊಡ್ಡ ಆಗಾ ಅವನ ಮೂಗನ್ನು ನೋಡಿ ವೆಯ್ಸೆಲ್ ಕಡೆ ತಿರುಗಿದ. "ಹೇಳು. ಒಳಗೆ ಏನು ನೋಡಿದೆ?"

"ನೆಲ ಒಡೆಯಾ."

"ನೆಲದ ಮೇಲೆ?"

"ಕೆಂಪು ಕಂಬಳಿ. ಒಂದು ಮೂಲೆ ಕೆಂಡ ಬಿದ್ದು ಸುಟ್ಟಿದೆ, ನೀಲಿ ದಾರದಲ್ಲಿ ಹೊಲಿದಿದಾರೆ. ಕೆಂಡ ಹಾಕೋ ತಾಮ್ರದ ತಟ್ಟೆ, ಮೂರು ಕಾಲು, ಒಂದು ಕಾಲಿಗೆ ತಂತಿ ಸುತ್ತಿದೆ. ತಟ್ಟೇಲಿ ಬೂದಿ ಕೂಡ ಇರ್ಲಿಲ್ಲ."

"ಅಷ್ಟೇನಾ?"

ಇಲ್ಲಿ ಸುಳ್ಳು ಹೇಳಬಹುದಾಗಿತ್ತು. ಪಕ್ಕದಲ್ಲಿ ಮುಸ್ಲು ಅವನ ತೊಡೆಗೆ ಚಿವುಟಿದ, ಹೂಂ ಅನ್ನು ಎಂದು. ಆದರೆ ನೆಲ ನೋಡಿದವನು ನೆಲದ ಮೇಲಿದ್ದುದನ್ನು ಬಿಟ್ಟು ಹೇಳುವುದು ವೆಯ್ಸೆಲ್‌ಗೆ ಬರುತ್ತಿರಲಿಲ್ಲ.

"ಎರಡು ಪಾದ ಒಡೆಯಾ."

ಯಾಕೂತ್ "ಹಾ!" ಎಂದ.

"ಎಂಥಾ ಪಾದ?" ಎಂದ ದೊಡ್ಡ ಆಗಾ, ದನಿ ಏರಿಸದೆ.

"ಬರಿಗಾಲು. ಮುದಿಗಾಲು. ಹಿಮ್ಮಡಿ ಬಿರುಕು ಬಿಟ್ಟಿದೆ, ಬೆರಳು ತೂರೋ ಅಷ್ಟು. ಚಳಿಗೆ ನೀಲಿಗಟ್ಟಿದೆ."

ಪರದೆ ಅಲ್ಲಾಡಿತು. "ಥೂ ನಿನ್ನ!" ಎಂದು ರೆಫ್ತಾರ್ ಸಿಡಿದಳು. "ಎರಡು ಸಲ ತಲೆ ಎತ್ತು ಅಂದ್ರೂ ಎತ್ತಲಿಲ್ಲ. ಎತ್ತಿದ್ರೆ ಕಣ್ಣಾದ್ರೂ ನೋಡ್ತಿದ್ದ, ಕಣ್ಣು ಇನ್ನೂ ಚೆನ್ನಾಗಿದೆ ನಂದು. ಈ ಮುಂಡೇದು ನನ್ನ ಹಿಮ್ಮಡಿ ಬಿರುಕನ್ನ ಇಡೀ ಅರಮನೆಗೆ ಡಂಗುರ ಹೊಡೀತಿದೆ! ಸೌದೆ ಕೊಟ್ಟಿದ್ರೆ ಬಿರುಕು ಯಾಕೆ ಬಿಡ್ತಿತ್ತು, ಅದನ್ನ ಕೇಳಿ!"

ದೊಡ್ಡ ಆಗಾ ತುಟಿ ಕಚ್ಚಿಕೊಂಡ. ನಕ್ಕನೋ ಕೋಪವೋ ತಿಳಿಯಲಿಲ್ಲ. ಪಕ್ಕದವನಿಗೆ ಕಾಲ್ಫಾಳ ಕೋಣೆಯ ಸೌದೆಯ ಬಗ್ಗೆ ಏನೋ ಹೇಳಿದ. ಆಮೇಲೆ ವೆಯ್ಸೆಲ್‌ನನ್ನು ಕೇಳಿದ: "ತಿರುವು ಹೇಗೆ ತಪ್ಪಿತು?"

"ಬಟ್ಟಲ ಕಲ್ಲು ಇರಲಿಲ್ಲ ಒಡೆಯಾ. ನಮ್ಮ ತಿರುವಿನ ಕಲ್ಲು."

"ಹಾಗಂದ್ರೇನು? ಕಲ್ಲು ಎದ್ದು ಹೋಯ್ತಾ?"

"ಗೊತ್ತಿಲ್ಲ. ಆದ್ರೆ ಜಾಗ ತೋರಿಸ್ತೀನಿ. ನನಗೆ ಕಣ್ಣು ಕಟ್ಟಿ."

ಇದನ್ನು ಯಾಕೆ ಹೇಳಿದೆ ಎಂದು ಅವನು ಆಮೇಲೆ ಬಹಳ ವರ್ಷ ಯೋಚಿಸಿದ್ದಾನೆ. ಆಗ ಅನ್ನಿಸಿದ್ದು ಒಂದೇ. ತನ್ನ ತಪ್ಪಿಲ್ಲವೆಂದು ತೋರಿಸಿಬಿಟ್ಟರೆ ಆರು ಜನರ ಅಂಗಾಲು ಉಳಿಯುತ್ತದೆ, ತನ್ನ ಜಾಗವೂ ಉಳಿಯುತ್ತದೆ.

ಹೆಂಗಸರನ್ನು ಮತ್ತೆ ಮರೆಮಾಡಿಸಿದರು. ವೆಯ್ಸೆಲ್‌ನ ಕಣ್ಣಿಗೆ ಕಪ್ಪು ಬಟ್ಟೆ ಬಿಗಿದರು. ದೊಡ್ಡ ಆಗಾ ತಾನೇ ಹಿಂದೆ ನಡೆದ. ವೆಯ್ಸೆಲ್ ಜೋಡು ಕಳಚಿ ಬರಿಗಾಲಲ್ಲಿ ಹೊರಟ. ಹೊಸ್ತಿಲನ್ನು ತಡವರಿಸದೆ ದಾಟಿದ. ಕಟ್ಟೆಯ ಪಕ್ಕದ ಜಿಡ್ಡು ತಪ್ಪಿಸಿ ಬಲಕ್ಕೆ ಸರಿದ. "ಇಲ್ಲಿ ಗೋಡೆ ಹಿಂದೆ ಬಿಸಿನೀರಿನ ಕೊಳವೆ ಇದೆ," ಎಂದ. ಸ್ವಲ್ಪ ಮುಂದೆ ಹೋಗಿ, "ಇಲ್ಲಿ ಕೆಳಗೆ ಟೊಳ್ಳು, ನೆಲಮಾಳಿಗೆ ಇರಬೇಕು," ಎಂದ. ಹಿಂದೆ ಬರುತ್ತಿದ್ದ ದೊಡ್ಡ ಆಗಾನ ಹೆಜ್ಜೆಯ ಸದ್ದು ಆ ಮಾತಿಗೆ ಒಂದು ಕ್ಷಣ ನಿಂತದ್ದು ಅವನ ಕಿವಿಗೆ ಬಿತ್ತು. ಅವನು ಅದನ್ನು ಲೆಕ್ಕಕ್ಕೆ ಇಡಲಿಲ್ಲ. ಹಾಸುಗಲ್ಲಿನ ಮೇಲೆ ಹೆಜ್ಜೆ ಹಾಕುತ್ತ ಹಾಕುತ್ತ ಒಂದು ಕಡೆ ನಿಂತು ಹಿಮ್ಮಡಿಯಿಂದ ಕುಟ್ಟಿದ.

"ಇದು. ಎಬ್ಬಿಸಿ."

ಹಾರೆ ತಂದು ಕಲ್ಲನ್ನು ಎಬ್ಬಿಸಿದರು. ಕೆಳಗಿನ ಮುಖದಲ್ಲಿ ಬಟ್ಟಲಿನಂಥ ತಗ್ಗು, ಸುತ್ತ ಸುಣ್ಣ ಮೆತ್ತಿಕೊಂಡು, ಹಾಗೇ ಇತ್ತು. ಸುದ್ದಿ ಅಂಗಳಕ್ಕೆ ಮುಟ್ಟಿದಾಗ ಮುಸ್ಲು ಕೂತಲ್ಲಿಂದಲೇ "ನೋಡಿದ್ರಾ!" ಎಂದು ಕೂಗಿ, ಆಮೇಲೆ ನೆನಪಾಗಿ ಬಾಯಿ ಮುಚ್ಚಿಕೊಂಡ.

ಕಣ್ಣ ಪಟ್ಟಿ ಬಿಚ್ಚಿದರು. ವೆಯ್ಸೆಲ್ ಕಲ್ಲು ನೋಡಿದ, ತಕ್ಷಣ ತಲೆ ಬಗ್ಗಿಸಿದ.

ದೊಡ್ಡ ಆಗಾ ಬಗ್ಗಿ ಆ ತಗ್ಗಿನ ಮೇಲೆ ಕೈಯಾಡಿಸಿ ನೋಡಿದ. ಆಮೇಲೆ ಹೇಳಿದ: "ನಿನ್ನ ತಪ್ಪಿಲ್ಲ. ಆ ಆರು ಜನರದ್ದೂ ಇಲ್ಲ. ಯಾಕೂತ್‌ಗೆ ಹತ್ತು ಏಟು ಹಾಕಿ."

"ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ ಒಡೆಯಾ."

"ಮುಗಿದಿಲ್ಲ. ನಾಳೆಯಿಂದ ನೀನು ಒಳಗೆ ಬರಬೇಡ."

ವೆಯ್ಸೆಲ್‌ಗೆ ಅರ್ಥವಾಗಲಿಲ್ಲ. "ನಾನು ಏನೂ ನೋಡಿಲ್ಲ ಒಡೆಯಾ."

"ಗೊತ್ತು. ಕಣ್ಣಿದ್ದೂ ನೋಡದವನು ನನಗೆ ಬೇಕು. ಕಣ್ಣು ಕಟ್ಟಿದ್ರೂ ನೋಡೋವನು ಬೇಡ. ಇಲ್ಲಿ ನೆಲಮಾಳಿಗೆ ಇದೆ ಅಂತ ನನ್ನ ಬಿಟ್ರೆ ಇಬ್ಬರಿಗೆ ಗೊತ್ತಿತ್ತು. ನೀನು ಹಿಮ್ಮಡೀಲಿ ತಟ್ಟಿ ಹೇಳ್ತೀಯ. ನಾಳೆ ಯಾರೋ ನಿನಗೆ ಒಂದು ಲೋಟ ಬೋಜಾ ಹೆಂಡ ಕುಡಿಸಿದ್ರೆ ಸಾಕು, ಈ ಮನೆ ಇಡೀ ಕಾಫಿ ಅಂಗಡೀಲಿ ಹಾಸ್ಕೊಂಡು ಬಿದ್ದಿರುತ್ತೆ."

"ನಾನು ಕುಡಿಯೋದಿಲ್ಲ."

"ಒಳ್ಳೇದು. ಮುಂದೆಯೂ ಕುಡೀಬೇಡ."

ಹೀಗೆ ನಿರಪರಾಧಿಯೆಂದು ತೋರಿಸಿಕೊಂಡದ್ದೇ ಅಪರಾಧವಾಯಿತು. ಎದುರು ವಾದಿಸುವ ಅಭ್ಯಾಸ ವೆಯ್ಸೆಲ್‌ಗೆ ಇರಲಿಲ್ಲ. ಹೋಗುವಾಗ ಒಂದೇ ಒಂದು ಕೇಳಿದ, ಆ ಕಲ್ಲನ್ನು ಮಗುಚಿ ಮೊದಲಿನ ಹಾಗೆ ಹಾಕುತ್ತೀರಾ ಎಂದು.

"ಇಲ್ಲ," ಎಂದ ದೊಡ್ಡ ಆಗಾ. "ಮುಂದಿನ ತಿಂಗಳಿಂದ ಈ ಓಣಿಗೆಲ್ಲ ಚಾಪೆ ಹಾಸ್ತೀವಿ."

ಸಾಲಿನ ಮೊದಲ ಜಾಗ ಮುಸ್ಲುವಿಗೆ ಹೋಯಿತು. ವೆಯ್ಸೆಲ್‌ನನ್ನು ಕೋಟೆಯ ಹೊರಗೆ, ಕಡಲ ದಂಡೆಯ ಸೌದೆ ಮಂಡಿಗೆ ಹಾಕಿದರು. ಕಪ್ಪು ಕಡಲಿನ ಕಡೆಯಿಂದ ದೋಣಿಗಳಲ್ಲಿ ಬರುವ ಕಟ್ಟಿಗೆಯನ್ನು ಹಸಿ ಒಣ ನೋಡಿ ಬೇರೆ ಮಾಡಿ, ಅರಮನೆಯ ಪಾಲನ್ನು ಹೊರೆ ಕಟ್ಟುವುದು ಕೆಲಸ. ಅಂಗಿಗೆ ಎತ್ತರದ ಪಟ್ಟಿ ಇಲ್ಲ, ಕೆನ್ನೆಗೆ ಜಡೆ ಇಲ್ಲ. ಎದುರಿಗೆ ಇಡೀ ಕಡಲು, ಗಲಾಟಾದ ಗೋಪುರ, ಮೀನು ಕೊಳ್ಳಲು ಬಂದ ಹೆಂಗಸರು, ಎಲ್ಲ ಬಿಚ್ಚಿಟ್ಟ ಹಾಗೆ. ಅವನು ಮಾತ್ರ ಜೋಡು ನೋಡಿಯೇ ಗಿರಾಕಿಯ ಗುರುತು ಹಿಡಿಯುತ್ತಿದ್ದ. ದೋಣಿಯವರು ಅವನಿಗೆ 'ಕಾಸು ಕಳಕೊಂಡವನು' ಎಂದು ಹೆಸರಿಟ್ಟರು, ಸದಾ ನೆಲದಲ್ಲಿ ಏನೋ ಹುಡುಕುತ್ತಿರುವ ಹಾಗೆ ಕಾಣುತ್ತಾನೆಂದು.

ಮುಂದಿನ ತಿಂಗಳ ಮೊದಲ ದಿನ ಅವನ ಹಳೆಯ ಸಾಲು ಹೊರೆ ಎತ್ತಲು ಬಂತು. ಆರು ಜನ ಹಳಬರು, ಕೊನೆಯಲ್ಲಿ ಒಬ್ಬ ಹೊಸಬ. ಮುಸ್ಲುವಿನ ಹಣೆಯ ಮೇಲೆ ಬೋರೆ ಎದ್ದಿತ್ತು.

"ನಿನ್ನೆ ಚಾಪೆ ಮೇಲೆ ನಡೆಯೋ ಅಭ್ಯಾಸ ಮಾಡಿಸಿದ್ರು," ಎಂದ. "ಬಾಗಿಲು ಯಾವುದು, ಗೋಡೆ ಯಾವುದು, ಒಂದೂ ತಿಳಿಯಲ್ಲ ಅಣ್ಣಾ. ಯಾಕೂತ್ ಕೋಲು ತಟ್ಟೋದು ಕೇಳ್ಕೊಂಡು ಹೋಗಬೇಕು. ಅವನು ಏಟಿನ ಸಿಟ್ಟಿಗೆ ಬೇಕಂತಲೇ ತಪ್ಪು ತಟ್ತಾನೆ."

"ಕಟ್ಟೆ ಹತ್ತಿರ ಬಲಕ್ಕೆ ಸರಿ. ಜಿಡ್ಡಿಗೆ ಚಾಪೆ ಇನ್ನೂ ಜಾರುತ್ತೆ."

"ಹೂಂ. ಅಣ್ಣಾ, ಈ ಸಲದಿಂದ ಒಂದು ಹೊರೆ ಹೆಚ್ಚು. ರೆಫ್ತಾರ್ ಕಾಲ್ಫಾ ಕೋಣೆಗೆ. ಪಟ್ಟಿಯಲ್ಲಿ ಸೇರಿಸಿದಾರೆ."

ವೆಯ್ಸೆಲ್ ರಾಶಿಯ ಕಡೆ ಹೋಗಿ ಆ ಒಂದು ಹೊರೆಯನ್ನು ತಾನೇ ಕಟ್ಟಿದ. ಓಕ್, ಎರಡು ಬೇಸಿಗೆ ಒಣಗಿದ್ದು, ಒಂದಕ್ಕೊಂದು ತಟ್ಟಿದರೆ ಗಂಟೆಯಂತೆ ನುಡಿಯುವಂಥದು.

ಹದಿನೈದು ದಿನಕ್ಕೆ ಯಾಕೂತ್ ಆಗಾ ಮಂಡಿಗೆ ಬಂದ. ಇನ್ನೂ ಸ್ವಲ್ಪ ಕುಂಟುತ್ತಿದ್ದ. ವೆಯ್ಸೆಲ್ ಅವನ ಜೋಡು ನೋಡಿಯೇ ಗುರುತಿಸಿ ಎದ್ದು ನಿಂತ.

"ಕಾಲ್ಫಾ ಹೇಳಿ ಕಳಿಸಿದಾಳೆ," ಎಂದ ಯಾಕೂತ್, ದೋಣಿಗಳ ಕಡೆ ಮುಖ ತಿರುಗಿಸಿಕೊಂಡು. "ಕಟ್ಟಿಗೆ ಕೆಟ್ಟದಂತೆ. ಬೇಗ ಉರಿದು ಹೋಗುತ್ತಂತೆ. ಶರಬತ್ತಿನ ಬಟ್ಟಲು ಯಾವಾಗ ಕೊಡಿಸ್ತೀಯ ಅಂತ ಕೇಳ್ತಾಳೆ."

"ಕಾಲು ಹೇಗಿದೆಯಂತೆ?"

"ಅದನ್ನ ನಾನು ಕೇಳ್ಬೇಕಾ?" ಎಂದು ಯಾಕೂತ್ ರೇಗಿದ. ಹೊರಟವನು ಎರಡು ಹೆಜ್ಜೆ ಹೋಗಿ ನಿಂತ. "ಜೋಡು ಹಾಕ್ಕೊಂಡು ಓಡಾಡ್ತಾಳೆ ಈಗ. ಹೊರಗಿನವರು ಯಾರಾದ್ರೂ ನೋಡಿಬಿಟ್ರೆ ಅಂತ."

ವೆಯ್ಸೆಲ್ ರಾಶಿಯ ಹತ್ತಿರ ಹೋದ. ಓಕ್ ಪಕ್ಕಕ್ಕಿಟ್ಟು, ನಿಧಾನ ಉರಿಯುವ ಹಾರ್ನ್‌ಬೀಮ್ ಮರದ ಗಂಟುಬೇರುಗಳನ್ನು ಆರಿಸತೊಡಗಿದ. ಅಂಥ ಬೇರು ಒಂದು ಹಾಕಿದರೆ ಬೆಳಗಿನ ತನಕ ಕೆಂಡ ಉಳಿಯುತ್ತದೆ. ಹದಿಮೂರು ವರ್ಷ ಅವನು ಆ ಮಂಡಿಯಲ್ಲಿದ್ದ. ಚಳಿಗಾಲದ ಪ್ರತಿ ತಿಂಗಳೂ ಒಂದು ಹೊರೆ ಬೇರೆ ಕಟ್ಟಿದ, ಪ್ರತಿ ತಿಂಗಳೂ ಒಂದು ದೂರು ಬಂತು. ಒಂದು ತಿಂಗಳು ದೂರು ಬರಲಿಲ್ಲ. ಆ ತಿಂಗಳಿಂದ ಒಂದು ಹೊರೆ ಕಡಿಮೆ ಕಟ್ಟಿದ.